ಬಿಕ್ಕಲಂ ಯಾರದು?

"ಬಿಕ್ಕಲಂ ಯಾರದಮ್ಮ?"

ಮಂಗಳವಾರ ಕೆ.ಜಿ. ರಸ್ತೆಯ ದರ್ಶಿನಿಯೊಂದರಲ್ಲಿ ದಸ್ತಾವೇಜು ಬರೆಯುತ್ತಿದ್ದ ಹಳೆಯ ಪತ್ರಬರಹಗಾರರೊಬ್ಬರು ಕೇಳಿದ್ದು ಇಷ್ಟೇ. ಎದುರಿಗಿದ್ದ ಹುಡುಗಿ 1978ರ ಬೆಂಗಳೂರಿನ ಮೇಲೆ ಕಾದಂಬರಿ ಬರೆಯುತ್ತಿದ್ದಾಳೆ. ಹೆರಿಗೆಮನೆಯಲ್ಲಿ ದತ್ತು ಪತ್ರಕ್ಕೆ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಂಡು ಮಗುವನ್ನು ಉಳ್ಳವರಿಗೆ ದಾಟಿಸುವ ಕಥೆ. ಖಳನಿಗೆ ಗಿರಿಜಾಮೀಸೆ ಇಟ್ಟಿದ್ದಾಳೆ, ರಾತ್ರಿಯಿಡೀ ಮಳೆ ಸುರಿಸಿದ್ದಾಳೆ. ಆದರೆ ಆ ಪತ್ರ ಬರೆದವನೇ ಕಥೆಯಲ್ಲಿಲ್ಲ.

ಹಳೆಯ ಕನ್ನಡ ಪತ್ರಗಳ ಕೊನೆಗೆ ಬರೆದವನ ರುಜು ಇರುತ್ತಿತ್ತು, ಅದೇ ಬಿಕ್ಕಲಂ. ಓದು ಬಾರದ ತಾಯಿಗೆ ಪತ್ರವನ್ನು ಓದಿ ಹೇಳಿದ್ದಕ್ಕೆ ಅವನೇ ಸಾಕ್ಷಿ. ಇಂಗ್ಲಿಷಿನಲ್ಲಿ ಟೈಪಾದ ಕಾಗದದ ಕೆಳಗೆ ಬರೀ ಹೆಬ್ಬೆಟ್ಟಿದ್ದರೆ ಅಲ್ಲಿಂದಲೇ ಅನುಮಾನ ಶುರು. ಆಮೇಲೆ ಹಾಳೆ ತಿರುಗಿಸಬೇಕು. ಛಾಪಾ ಕಾಗದದ ಹಿಂಬದಿಯಲ್ಲಿ ಮಾರಿದವನು ನಂಬರು, ತಾರೀಖು, ಕೊಂಡವರ ಹೆಸರು ಬರೆದಿರುತ್ತಿದ್ದ. ಪತ್ರದ ತಾರೀಖು ಮಾರ್ಚ್ 4, ಕಾಗದ ಕೊಂಡದ್ದು ಮಾರ್ಚ್ 19 ಅಂತಿದ್ದರೆ ಆ ತಾಯಿ ಹೆಬ್ಬೆಟ್ಟು ಒತ್ತಿದ್ದು ಯಾವುದರ ಮೇಲೆ? ಹಿಂದಿನ ತಾರೀಖು ಹಾಕುವವರು ಮುಂಬದಿಯನ್ನು ಚೊಕ್ಕ ಮಾಡುತ್ತಾರೆ, ಹಿಂಬದಿ ಮರೆಯುತ್ತಾರೆ. ಎಲ್ಲ ಪತ್ರಕ್ಕೂ ಅದೇ ಇಬ್ಬರು ಸಾಕ್ಷಿಗಳಿದ್ದರಂತೂ ಕೇಳುವುದೇ ಬೇಡ.

ಆದರೆ ದೊಡ್ಡ ಕಳ್ಳತನ ಇರುವುದು ಪತ್ರದಲ್ಲಲ್ಲ, ಕೋರ್ಟಿಗೆ ಹಾಕುವ ಅರ್ಜಿಯ ಒಂದು ಸಾಲಿನಲ್ಲಿ: 'ತಂದೆ ತಾಯಿ ಯಾರೆಂದು ತಿಳಿದಿಲ್ಲ.' 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಆಗ ದತ್ತು ಕೊಡುವ ಹಕ್ಕು ತಂದೆಯದು, ಅದಕ್ಕೆ ತಾಯಿಯ ಒಪ್ಪಿಗೆ ಬೇಕು. ಹೆತ್ತವರು ಯಾರೆಂದೇ ತಿಳಿಯದಿದ್ದರೆ ಮಗುವನ್ನು ನೋಡಿಕೊಳ್ಳುತ್ತಿರುವ ಪೋಷಕರೇ ಕೋರ್ಟಿನ ಅನುಮತಿ ಪಡೆದು ಕೊಡಬಹುದಿತ್ತು. ಅಂದಮೇಲೆ ಗೊತ್ತಿದ್ದ ಹೆಸರನ್ನು ನುಂಗಿಬಿಟ್ಟರೆ ಕೆಲಸ ಸಲೀಸು! ವಿದೇಶದವರಿಗಾದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇತ್ತು. ಇಲ್ಲಿ ಗಾರ್ಡಿಯನ್ ಆಗಿ ಮಗುವನ್ನು ಕರೆದೊಯ್ಯುವುದು, ಅಲ್ಲಿ ದತ್ತು ಪಡೆಯುವುದು. ಅದಕ್ಕೆ ಸುಪ್ರೀಂ ಕೋರ್ಟ್ ಬಿಗಿ ತಂದದ್ದು 1984ರ ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದಲ್ಲಿ.

ದುಡ್ಡು ಪಡೆದು ದತ್ತು ಕೊಟ್ಟರೆ ಆ 1956ರ ಕಾಯ್ದೆಯಲ್ಲಿ ಶಿಕ್ಷೆ ಹೆಚ್ಚೆಂದರೆ 6 ತಿಂಗಳು. ಮಗು ಮಾರಿದವರಿಗೆ 5 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ದಂಡ ಎಂದದ್ದು 2015ರ ಬಾಲನ್ಯಾಯ ಕಾಯ್ದೆ. ಮಗುವನ್ನು ಒಪ್ಪಿಸಿದ ತಾಯಿ ಮನಸ್ಸು ಬದಲಿಸಿ ಬರಲು ಅದರಲ್ಲಿ 2 ತಿಂಗಳಿದೆ. ಕಾದಂಬರಿಯ ತಾಯಿ ಹನ್ನೊಂದನೇ ದಿನವೇ ವಾಪಸ್ ಬರುತ್ತಾಳೆ. ಮೀಸೆಯವನು ಬಾಗಿಲು ಹಾಕಿಕೊಳ್ಳುತ್ತಾನೆ. ಅಷ್ಟೆಲ್ಲ ಬೇಕೇ ಇರಲಿಲ್ಲ. 'ನಿನ್ನ ಹೆಸರೇ ಇಲ್ಲವಲ್ಲಮ್ಮ' ಎಂದು ಗುಮಾಸ್ತನೊಬ್ಬ ಮೆತ್ತಗೆ ಹೇಳಿದ್ದರೆ ಸಾಕಿತ್ತು.

ಹುಡುಗಿ ಇದನ್ನೆಲ್ಲ ಬರೆದುಕೊಂಡಳು. ಚುರುಕಿನವಳು, ತಲೆಯೆತ್ತಿ ತಿರುಗಿ ಕೇಳಿದಳು.

"ನೀವೂ ಅಂಥವು ಬರೆದಿದ್ದೀರಾ ಸಾರ್?"

"ಬರೆದದ್ದನ್ನೆಲ್ಲ ಓದಿ ಹೇಳ್ತಿದ್ದೆ ಕಣಮ್ಮ."

ಲೋಟದ ತಳದಲ್ಲಿದ್ದ ಕಾಫಿಯನ್ನು ಅವರು ಇನ್ನೊಮ್ಮೆ ಆರಿಸಿದರು. ಕೇಳಿಸಿಕೊಂಡ ತಾಯಂದಿರು ಏನೆನ್ನುತ್ತಿದ್ದರು ಎಂದು ಅವಳು ಕೇಳಲಿಲ್ಲ. ಕೇಳಬೇಕಿತ್ತು.