ಗ್ವಾದ್ಲಿ ಎಂಥದ್ದು ಮಾಡ್ಲಿ?

14 ಡಿಸೆಂಬರ್ 2024, ಶನಿವಾರ
ಕೊಪ್ಪಳ

ಇವತ್ತು ಶಾಲೆ ಅರ್ಧ ದಿನ. ಮನೆಗೆ ಹೋಗದೆ ಸೀದಾ ಮರದ ಗೊಂಬೆಗೆ ಹೆಸರಾದ ಕಿನ್ನಾಳದ ಬಸ್ ಹತ್ತಿದೆ.

ಅದಕ್ಕೆ ಕಾರಣ ಸಂತ ಜೋಸೆಫರ ತಲೆ. ಹೋದ ವರ್ಷ ಕ್ರಿಸ್‌ಮಸ್ ಮುಗಿದು, ಯೇಸು ಹುಟ್ಟಿದ ದೃಶ್ಯಕ್ಕೆ ಗೊಂಬೆ ಕೂಡಿಸಿ ಮಾಡುವ ಗೋದಲಿ ಬಿಚ್ಚುವಾಗ, ಮರಿಯಮ್ಮನ ಗಂಡ ಜೋಸೆಫರ ಗೊಂಬೆ ನನ್ನ ಕೈಜಾರಿ ಬಿತ್ತು. ಪ್ಲಾಸ್ಟರ್ ಗೊಂಬೆ, ಕುತ್ತಿಗೆ ಹತ್ತಿರ ಮುರಿಯಿತು. ಫೆವಿಕ್ವಿಕ್ ಹಾಕಿ ಕೂಡಿಸಿದೆ. ಅವಸರದಲ್ಲಿ ತಲೆ ಸ್ವಲ್ಪ ತಿರುಗಿ ಕೂತುಬಿಟ್ಟಿದೆ. ಈಗ ಅವರು ಕೂಸನ್ನು ಬಿಟ್ಟು ಬಾಗಿಲ ಕಡೆ ನೋಡುತ್ತಾರೆ, ಯಾರೋ ಸಾಲ ಕೇಳೋಕೆ ಬಂದ ಹಾಗೆ.

ಹೊಸ ಸೆಟ್ ತರೋಣ ಅಂತ ಅಂಗಡಿಗೆ ಹೋದರೆ ಮತ್ತೆ ಅವೇ ನೀಲಿ ಕಣ್ಣು, ಅದೇ ಹೊಂಬಣ್ಣದ ಕೂದಲು. ಗುಡಿಸಲ ಮೇಲೆ ಹಿಮ ಅಂತ ಹತ್ತಿ ಬೇರೆ. ನಮ್ಮಮ್ಮ ರಾಯಚೂರು ಕಡೆಯ ಎರೆಹೊಲದಲ್ಲಿ ಹತ್ತಿ ಬಿಡಿಸುತ್ತಾ ಬೆಳೆದವಳು. "ಬಂಗಾರದಂಥ ಹತ್ತಿ ಸುಮ್ನ ಹಾಳ ಮಾಡ್ತಾರ" ಅಂತ ಪ್ರತಿ ಡಿಸೆಂಬರಿನಲ್ಲೂ ಬೈಯುತ್ತಾಳೆ.

ಹಿಮ ತಪ್ಪು ಅಂತಲ್ಲ. 1566ರಲ್ಲಿ ಪೀಟರ್ ಬ್ರೂಗೆಲ್ ಅನ್ನೋ ಚಿತ್ರಕಾರ, ಯೇಸು ಹುಟ್ಟುವ ಮುಂಚೆ ಮರಿಯಮ್ಮ ಜೋಸೆಫರು ಹೆಸರು ಬರೆಸಲು ಹೋದ ಬೆತ್ಲೆಹೇಮಿನ ಜನಗಣತಿಯ ಚಿತ್ರ ಬರೆದ. ಅದರಲ್ಲಿರುವುದು ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸಿನಲ್ಲಿ ಅವನ ಸುತ್ತಮುತ್ತ ಇದ್ದಂಥ ಹಳ್ಳಿಯೇ. ನೆಲವೆಲ್ಲ ಹಿಮ. ಹೆಪ್ಪುಗಟ್ಟಿದ ನೀರಿನ ಮೇಲೆ ಮಕ್ಕಳ ಆಟ. ಹೆಸರು ಬರೆಸಲು ನೂಕುವ ಜನ. ಕತ್ತೆ ಮೇಲೆ ಕೂತ ಮರಿಯಮ್ಮ ಹುಡುಕಿದರೆ ಮಾತ್ರ ಕಾಣುತ್ತಾಳೆ. ಅವನ ಊರಲ್ಲಿ ಹಿಮ ಬೀಳುತ್ತಿತ್ತು, ಬರೆದ. ನಾವು ಅವನಿಂದ ಹಿಮ ತಗೊಂಡೆವು, ನಮ್ಮೂರನ್ನೇ ಬರೆಯುವ ಧೈರ್ಯ ಮಾತ್ರ ತಗೊಳ್ಳಲಿಲ್ಲ.

ಕಿನ್ನಾಳದಲ್ಲಿ ನನಗೆ ಗುರುತಿದ್ದ, ಗೊಂಬೆ ಮಾಡುವ ಚಿತ್ರಗಾರರ ಮನೆಗೆ ಹೋದೆ. ಕಾಕಾಗೆ ಎಪ್ಪತ್ತರ ಹತ್ತಿರ. ಪಕ್ಕದಲ್ಲಿ ಬಣ್ಣ ಕಾಣದ ಒಂದು ಗರುಡ, ಎರಡು ಕಾಮಧೇನು. ಹಗುರ ಜಾತಿಯ ಮರ ಕೆತ್ತಿ, ಕೈಕಾಲು ಬೇರೆ ಬೇರೆ ಮಾಡಿ ಕೂಡಿಸುತ್ತಾರೆ. ಮೇಲೆ ಕಿಟ್ಟ ಮೆತ್ತುತ್ತಾರೆ. ಕಿಟ್ಟ ಅಂದರೆ ಗೋಣಿನಾರು, ಮರದ ಹೊಟ್ಟು, ಹುಣಸೆಬೀಜದ ಅಂಟು ಎಲ್ಲ ಸೇರಿಸಿದ ಹಿಟ್ಟಿನಂಥದ್ದು. ಅದರ ಮೇಲೆ ಹತ್ತಿಯ ಚೂರು ಅಂಟಿಸಿ, ಕಲ್ಲಿನಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಹತ್ತಿಗೆ ಇಲ್ಲೊಂದು ಮರ್ಯಾದೆಯ ಕೆಲಸ ಇದೆ, ಅಮ್ಮನಿಗೆ ಹೇಳಬೇಕು. ಹಂಪಿಯ ವಿರೂಪಾಕ್ಷ ಗುಡಿಯ ಚಾವಣಿಯಲ್ಲಿ ಚಿತ್ರ ಬರೆದವರು ತಮ್ಮ ಹಿರಿಯರೇ ಅಂತ ಈ ಮನೆತನಗಳವರು ಹೇಳುತ್ತಾರೆ.

ನಾನು ಪಟ್ಟಿ ಓದಿದೆ. ಮರಿಯಮ್ಮ, ಜೋಸೆಫರು, ಕೂಸು, ಇಬ್ಬರು ಕುರುಬರು, ಒಂದು ಎತ್ತು, ಒಂದು ಕತ್ತೆ, ಗೋದಲಿ.

"ಈ ಗೊಂಬಿ ಕೂಡಿಸೋದು ನಿಮ್ಮೊಳಗ ಯಾವಾಗಿಂದ ಅಕ್ಕೋರ?" ಅಂತ ಕೇಳಿದರು.

1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನೋ ಹಳ್ಳಿಯಲ್ಲಿ ಸಂತ ಫ್ರಾನ್ಸಿಸರು ಕ್ರಿಸ್‌ಮಸ್ ರಾತ್ರಿ ಹುಲ್ಲು ಹಾಸಿ, ಜೀವಂತ ಎತ್ತು ಕತ್ತೆ ತಂದು ನಿಲ್ಲಿಸಿದ ಕಥೆ ಹೇಳಿದೆ.

"ಖರೇ ಎತ್ತು ನಿಲ್ಲಿಸಿದ್ರಂದ್ರ ನನ್ನ ಕಡೆ ಯಾಕ ಬಂದೀರಿ? ಸಂತಿಗೆ ಹೋಗ್ರಿ!"

ನಕ್ಕೆವು. ಚಹಾ ಬಂತು. ಆಮೇಲೆ ಅವರು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

"ಗ್ವಾದ್ಲಿ ಎಂಥದ್ದು ಮಾಡ್ಲಿ? ಕಟಿಗಿದೋ, ಕಲ್ಲಿಂದೋ, ಮಣ್ಣಿನ ಕಟ್ಟಿಯಾಗಿಂದೋ?"

ನಾನು ಇಷ್ಟು ವರ್ಷ ನೋಡಿದ್ದು ಅಡ್ಡಕಾಲಿನ ಮರದ ತೊಟ್ಟಿ. ಅದು ಕ್ರಿಸ್‌ಮಸ್ ಕಾರ್ಡಿನ ಗೋದಲಿ. ಕಾಕಾ ಕೇಳಿದ್ದು ದನ ಮೇಯುವ ಗ್ವಾದ್ಲಿ. ನಮ್ಮ ಬೈಬಲ್ಲಿನಲ್ಲಿರುವುದೂ ಅದೇ ಮಾತು, ಅಲ್ವಾ? ಚರ್ಚಿನಲ್ಲಿ ಓದೀ ಓದೀ ಅದು ಬರೀ ಹಬ್ಬದ ಪದ ಆಗಿಬಿಟ್ಟಿತ್ತು ನನಗೆ. ನಮ್ಮ ಪಕ್ಕದ ಬಳ್ಳಾರಿಗೆ 1810ರಲ್ಲಿ ಬಂದ ಮಿಶನರಿ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. ಅಲ್ಲೇ ಇದ್ದ ವಿಲಿಯಂ ರೀವ್ ಕನ್ನಡ ಮಾತುಗಳನ್ನು ಕೂಡಿಸಿ 1832ರಲ್ಲಿ ನಿಘಂಟು ತಂದರು. ಅವರು ಬೇರೆ ಸಭೆಯವರು, ಪ್ರೊಟೆಸ್ಟಂಟರು. ನಾವು ಕಥೋಲಿಕರು. ಆದರೆ ಮಾತು ಹುಡುಕುವವರು ಯಾವ ಸಭೆಯವರಾದರೂ ದನದ ಮನೆಗೂ ಹೋಗಲೇಬೇಕು.

"ನಾಳೆ ಫೋನ್ ಮಾಡಿ ಹೇಳ್ತೀನಿ ಕಾಕಾ" ಅಂದು ಬಂದೆ.

ಬಸ್ಸಿನಲ್ಲಿ ಅದೇ ತಲೆಯಲ್ಲಿ. ಕ್ರಿಸ್‌ಮಸ್ಸಿಗೆ ಮುಂಚಿನ ಈ ಆಗಮನ ಕಾಲದಲ್ಲಿ ದಿನಕ್ಕೆ ನಾಲ್ಕು ಪುಟದಂತೆ ಬೈಬಲ್ಲಿನ ಲೂಕನ ಶುಭಸಂದೇಶದ ವ್ಯಾಖ್ಯಾನವೊಂದನ್ನು ಓದುತ್ತಿದ್ದೇನೆ. ಮೊನ್ನೆ ಓದಿದ್ದು ಈಗ ನೆನಪಾಯಿತು. ಯೇಸು ಹುಟ್ಟಿದಾಗ ಛತ್ರದಲ್ಲಿ ಜಾಗ ಇರಲಿಲ್ಲ ಅಂತ ನಾವು ಓದುವ ಕಡೆ ಗ್ರೀಕಿನಲ್ಲಿರುವ ಮಾತು ಕತಾಲುಮಾ. ಯೇಸುವಿನ ಕಡೆಯ ಭೋಜನ ನಡೆದ ಕೋಣೆಗೂ ಲೂಕ ಅದೇ ಮಾತು ಬಳಸುತ್ತಾನೆ. ಯೇಸು ಹೇಳಿದ ಕಥೆಯಲ್ಲಿ ಒಳ್ಳೆಯ ಸಮಾರ್ಯದವನು ಗಾಯಾಳುವನ್ನು ಕರೆದೊಯ್ದ ದುಡ್ಡಿನ ಛತ್ರಕ್ಕೆ ಮಾತ್ರ ಬೇರೆ ಮಾತು. ಹಾಗಾಗಿ ಇದು ಛತ್ರವಲ್ಲ, ನೆಂಟರು ಇಳಿಯುವ ಕೋಣೆ ಅನ್ನುವ ಪಂಡಿತರಿದ್ದಾರೆ. ಆ ಕಾಲದ ಬಡವರ ಮನೆಯಲ್ಲಿ ಜನ ಒಂದು ಮೆಟ್ಟಿಲು ಮೇಲೆ, ದನ ಕೆಳಗೆ, ಎಲ್ಲ ಒಂದೇ ಸೂರಿನಡಿ. ಕೋಣೆ ತುಂಬಿತ್ತು, ಅದಕ್ಕೇ ಗೋದಲಿ.

ಓದಿದ ದಿನ ಇದು ಪಂಡಿತರ ತಕರಾರು ಅನಿಸಿತ್ತು. ಇವತ್ತು ಬಸ್ಸಿನಲ್ಲಿ ನಮ್ಮಜ್ಜಿ ಮನೆ ಕಣ್ಣಿಗೆ ಕಟ್ಟಿತು. ಮುದಗಲ್ ಹತ್ತಿರದ ಹಳ್ಳಿ. ತಲೆಬಾಗಿಲು ದಾಟಿದರೆ ಎರಡೂ ಕಡೆ ದನ. ನಾಲ್ಕಡಿ ಮುಂದೆ ಪಡಸಾಲಿ, ಮೊಣಕಾಲೆತ್ತರ. ಪಡಸಾಲಿಯ ಅಂಚಿಗೇ ಕಲ್ಲು ಮಣ್ಣಿನ ಗ್ವಾದ್ಲಿ. ರಾತ್ರಿ ಮಲಗಿದರೆ ಎತ್ತು ಮೆಲುಕು ಹಾಕುವ ಸದ್ದು ದಿಂಬಿನ ಪಕ್ಕವೇ. ಅಜ್ಜಿ ಮನೆಯ ಎತ್ತುಗಳನ್ನು ಯಾರೂ ಹೊರಗಿನವು ಅನ್ನುತ್ತಿರಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಕಾಕಾ ಕೇಳಿದ್ದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ನಿನ್ನೂ ಒಂದ್ಸಲ ಗ್ವಾದ್ಲ್ಯಾಗ ಮಲಗಿಸಿದ್ವಿ" ಅಂದಳು.

ನನಗೆ ಇದು ಗೊತ್ತೇ ಇರಲಿಲ್ಲ!

ನಾನು ಮೂರು ತಿಂಗಳ ಕೂಸು. ಜಡಿಮಳೆ. ಮಣ್ಣಿನ ಮಾಳಿಗೆ ಎಲ್ಲಾ ಕಡೆ ಸೋರುತ್ತಿತ್ತು. ಪಡಸಾಲಿ ತುಂಬ ಬೋಗುಣಿ, ಕೊಡ, ತಾಟು ಇಟ್ಟಿದ್ದರಂತೆ. ತೊಟ್ಟಿಲ ಮೇಲೂ ಹನಿ. ಗ್ವಾದ್ಲಿಯ ಮೇಲೆ ಅಟ್ಟದಲ್ಲಿ ಮೇವು ಒಟ್ಟಿದ್ದರಿಂದ ಅಲ್ಲೊಂದೇ ಕಡೆ ಒಣಗಿತ್ತು. ಅಜ್ಜಿ ಎತ್ತನ್ನು ಆಚೆ ಕಟ್ಟಿ, ಗ್ವಾದ್ಲಿ ಒರೆಸಿ, ಕೌದಿ ಹಾಸಿ ನನ್ನನ್ನು ಮಲಗಿಸಿದಳು. ಬೆಳಗಿನ ತನಕ ಪಕ್ಕದಲ್ಲೇ ಕೂತಿದ್ದಳು.

"ಮನಿಯಾಗ ಛಲೋ ಜಾಗ ಅದೊಂದ ಇತ್ತು ನೋಡು ಅವತ್ತ" ಅಂದಳು ಅಮ್ಮ.

ಪ್ರತಿ ಕ್ರಿಸ್‌ಮಸ್ಸಿಗೂ ನಾನು ಕೇಳಿರುವುದು ಮರಿಯಮ್ಮ ಜೋಸೆಫರಿಗೆ ಬಾಗಿಲು ಮುಚ್ಚಿದ ಊರಿನ ಕಥೆ. ನಮ್ಮನ್ನು ನಾಚಿಸುವ ಆ ಪ್ರಸಂಗ ಬೇಡ ಅಂತಲ್ಲ, ಅದಕ್ಕೂ ಕೆಲಸ ಇದೆ. ಆದರೆ ಇವತ್ತು ನನಗೆ ಕಂಡಿದ್ದು ಬೇರೆ ಮನೆ. ತುಂಬಿದ ಮನೆ. ಯಾರೋ ಮುದುಕಿ ಎತ್ತನ್ನು ಆಚೆ ಸರಿಸುತ್ತಿದ್ದಾಳೆ.

ಸಂಜೆಯೇ ಕಾಕಾಗೆ ಫೋನ್ ಹಚ್ಚಿದೆ. ಮಣ್ಣಿನ ಕಟ್ಟೆಯಲ್ಲಿ ಕೂಡಿಸಿದ ಗ್ವಾದ್ಲಿ, ಪಡಸಾಲಿಗೆ ಅಂಟಿಕೊಂಡಿರಲಿ ಅಂದೆ. ಗೊಂಬೆಗಳ ಪಟ್ಟಿಗೆ ಒಬ್ಬಳು ಅಜ್ಜಿಯನ್ನೂ ಸೇರಿಸಿದೆ. ಇಳಕಲ್ ಸೀರೆ, ಕೈಯಲ್ಲಿ ಕೌದಿ.

"ಅಜ್ಜಿ ನಿಮ್ಮ ಪುಸ್ತಕದಾಗ ಅದಾಳೇನ್ರಿ?"

"ಇಲ್ಲ ಕಾಕಾ. ಎತ್ತು ಕತ್ತೇನೂ ಲೂಕನಲ್ಲಿ ಇಲ್ಲ. ಅವು ಯೆಶಾಯ ಪ್ರವಾದಿಯ ಮಾತಿನಿಂದ ಬಂದು ನಿಂತವು."

"ಹಂಗಾದ್ರ ಆಕಿನೂ ನಿಂದ್ರಲಿ. ರೊಕ್ಕ ಮಾತ್ರ ಜಾಸ್ತಿ ಆಕ್ಕತಿ."

ಇಪ್ಪತ್ತೆರಡಕ್ಕೆ ಕೊಡುತ್ತೇನೆ ಅಂದಿದ್ದಾರೆ. ಕಿಟ್ಟ ಒಣಗಲು ಬಿಸಿಲು ಬೇಕು, ಎರಡು ದಿನದಿಂದ ಮೋಡ. ನೋಡೋಣ.

ಇದನ್ನು ಬರೆಯುವಾಗಲೇ ಅಮ್ಮ ತಿರುಗಿ ಫೋನ್ ಮಾಡಿದಳು. ಗೋದಲಿಗೆ ಏನು ಹಾಸ್ತಿ ಅಂತ. ಜೋಳದ ಕಣಕಿ ಸಣ್ಣಗೆ ಕತ್ತರಿಸಿ ಹಾಕ್ತೀನಿ ಅಂದೆ.

"ಕಣಕಿ ಬ್ಯಾಡ. ಕೂಸಿಗೆ ಚುಚ್ಚತೈತಿ. ನೆಲ್ಲುಹುಲ್ಲ ತರಿಸು."

ಸೋಮವಾರ ಗಂಗಾವತಿಯಿಂದ ಬರುವ ನಮ್ಮ ಶಾಲೆಯ ಮೇಷ್ಟ್ರಿಗೆ ಒಂದು ಹಿಡಿ ಭತ್ತದ ಹುಲ್ಲು ತರಲು ಮೆಸೇಜ್ ಹಾಕಿದ್ದೇನೆ.