ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಸ್ಪ್ಯಾನಿಷ್: ಮಗುವಿನ ತಲೆ ಕೆಡುವುದಿಲ್ಲವೇ?

ಯುಗಾದಿಗೆ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಾಗ ಒಬ್ಬರಾದರೂ ಕೇಳುತ್ತಾರೆ. ಊರಿಗೆ ಹೋದರೆ ಮದುವೆಮನೆಯಲ್ಲಿ ಕೇಳುತ್ತಾರೆ. ಪಕ್ಕದ ಮನೆಗೆ ಹೊಸದಾಗಿ ಬಂದ ಮೈಸೂರಿನ ದಂಪತಿ ಪರಿಚಯವಾದ ಹತ್ತೇ ನಿಮಿಷಕ್ಕೆ ಕೇಳಿದರು. "ಮನೆಯಲ್ಲಿ ಕನ್ನಡ, ಹೊರಗೆಲ್ಲ ಇಂಗ್ಲಿಷ್, ನಡುವೆ ಈ ಸ್ಪ್ಯಾನಿಷ್ ಶಾಲೆ ಏಕೆ? ಮಗುವಿನ ತಲೆ ಕೆಡುವುದಿಲ್ಲವೇ? ಕನ್ನಡ ಮರೆತುಹೋದರೆ ಏನು ಮಾಡುತ್ತೀರಿ?" ಬಡಿಸುವವರು ಹೋಳಿಗೆಯ ತಟ್ಟೆ ಹಿಡಿದು ಕಾಯುತ್ತಿರುವಾಗ ಇದಕ್ಕೆ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮಗಳ ತಲೆ ಕೆಡಲಿಲ್ಲ. ಅವಳ ಕನ್ನಡಕ್ಕೆ ಪೆಟ್ಟು ಬಿದ್ದಿರುವುದು ನಿಜ. ಆದರೆ ಆ ಪೆಟ್ಟು ಕೊಟ್ಟದ್ದು ಸ್ಪ್ಯಾನಿಷ್ ಅಲ್ಲ.

ನಾವಿರುವುದು ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೊದಲ್ಲಿ, ಪೋರ್ಟ್‌ಲೆಂಡಿಗೆ ಪಶ್ಚಿಮಕ್ಕೆ. ಕಂಪ್ಯೂಟರ್ ಚಿಪ್ ಕಾರ್ಖಾನೆಗಳಿಂದಾಗಿ ಇಲ್ಲಿ ಕನ್ನಡದವರಿಗೇನೂ ಕೊರತೆಯಿಲ್ಲ. ಹಣ್ಣಿನ ತೋಟಗಳಿಗೆ, ಸಸಿ ಬೆಳೆಸುವ ನರ್ಸರಿಗಳಿಗೆ ಕೆಲಸಕ್ಕೆ ಬಂದು ನೆಲೆಸಿದ ಮೆಕ್ಸಿಕೊ ಮೂಲದ ಕುಟುಂಬಗಳು ನಮಗಿಂತ ಎಷ್ಟೋ ಪಾಲು ಹೆಚ್ಚು. ಮಗಳು ಹೋಗುವುದು ಸರಕಾರಿ ಶಾಲೆಗೆ, ಶುಲ್ಕವಿಲ್ಲ. ತರಗತಿಯಲ್ಲಿ ಸುಮಾರು ಅರ್ಧ ಮಕ್ಕಳ ಮನೆಮಾತು ಸ್ಪ್ಯಾನಿಷ್, ಉಳಿದವರದು ಇಂಗ್ಲಿಷ್ ಅಥವಾ ನಮ್ಮಂತೆ ಬೇರೇನೋ. ಮೊದಲ ವರ್ಷ ಶೇ 90ರಷ್ಟು ಪಾಠ ಸ್ಪ್ಯಾನಿಷ್‌ನಲ್ಲಿ. ಮುಂದೆ ವರ್ಷಕ್ಕಿಷ್ಟು ಇಂಗ್ಲಿಷ್ ಸೇರುತ್ತಾ ಹೋಗಿ ನಾಲ್ಕು, ಐದನೆಯ ತರಗತಿಗೆ ಅರ್ಧಕ್ಕರ್ಧವಾಗುತ್ತದೆ. ಮೊದಲ ದಿನದಿಂದಲೇ ಅರ್ಧಕ್ಕರ್ಧ ಮಾಡುವ ಶಾಲೆಗಳೂ ಇವೆ. ಯೂಟಾ ರಾಜ್ಯದಲ್ಲಿ ಒಂದು ಹೊತ್ತಿಗೊಬ್ಬ ಶಿಕ್ಷಕಿಯಂತೆ ಇಬ್ಬರನ್ನು ಇಟ್ಟುಕೊಂಡು ನಡೆಸುತ್ತಾರೆ. ಇದಕ್ಕೆ ಇಮ್ಮರ್ಷನ್ ಎಂದು ಹೆಸರು. ಧಾರವಾಡದಲ್ಲಿರುವ ನನ್ನ ಅವ್ವನಿಗೆ ಇದನ್ನು ವಿವರಿಸಿದಾಗ ಅವಳು ಕೇಳಿದ್ದು ಒಂದೇ ಮಾತು: "ಅಂದರೆ ಮಕ್ಕಳನ್ನು ನೆನೆ ಹಾಕುತ್ತಾರೆ?" ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಇನ್ನೂ ಸಿಕ್ಕಿಲ್ಲ. ಉದ್ದಿನಬೇಳೆಗೆ ಯಾರೂ ನೀರಿನ ಪಾಠ ಹೇಳುವುದಿಲ್ಲ.

ಇಲ್ಲಿಯೂ ಹಾಗೆಯೇ, ಸ್ಪ್ಯಾನಿಷ್ ಎಂಬ ವಿಷಯವನ್ನು ಪ್ರತ್ಯೇಕವಾಗಿ ಕಲಿಸುವುದು ಕಡಿಮೆ. ಸ್ಪ್ಯಾನಿಷ್‌ನಲ್ಲಿ ಗಣಿತ ಹೇಳುತ್ತಾರೆ, ಕಪ್ಪೆಯ ಬದುಕು ಹೇಳುತ್ತಾರೆ, ಜಗಳ ಬಿಡಿಸುತ್ತಾರೆ, ಮೂಗು ಒರೆಸುತ್ತಾರೆ. ಐದು ವರ್ಷದ ಮಗು ಮೊದಲು ಕಲಿಯುವ ಪೂರ್ಣ ವಾಕ್ಯ ಯಾವುದೆಂದು ಈ ಶಾಲೆಗಳ ಯಾವ ತಾಯಿಯನ್ನು ಕೇಳಿದರೂ ಹೇಳುತ್ತಾಳೆ: "ಪುಎದೊ ಇರ್ ಆಲ್ ಬಾನ್ಯೊ?" ನಾನು ಶೌಚಾಲಯಕ್ಕೆ ಹೋಗಬಹುದೇ? ಅವಸರಕ್ಕಿಂತ ದೊಡ್ಡ ಗುರು ಇಲ್ಲ. ಅದೊಂದನ್ನು ಬಿಟ್ಟರೆ ನನ್ನ ಮಗಳು ಸೆಪ್ಟೆಂಬರಿನಿಂದ ದೀಪಾವಳಿಯವರೆಗೆ ಶಾಲೆಯಲ್ಲಿ ಬಾಯಿಯೇ ಬಿಡಲಿಲ್ಲವಂತೆ. ನಾನು ಹೆದರಿದೆ. ಶಿಕ್ಷಕಿ ಮಾತ್ರ ನಗುತ್ತಾ, ಕಿವಿ ತುಂಬಲಿ, ಬಾಯಿ ಆಮೇಲೆ ತೆರೆಯುತ್ತದೆ ಎಂದರು. ಒಂದು ಸಂಜೆ ಸ್ನಾನ ಮಾಡುತ್ತಾ ತನ್ನ ಬೊಂಬೆಗೆ ಸ್ಪ್ಯಾನಿಷ್‌ನಲ್ಲಿ ಗದರುವುದು ಕೇಳಿಸಿತು. ಶಿಕ್ಷಕಿಯ ಧಾಟಿಯೇ ಇಳಿದಿತ್ತು.

ಆ ವರ್ಷದ ಚಳಿಗಾಲದಲ್ಲಿ ಮನೆಗೆ ಬಂದ ಒಂದು ಹಾಳೆಯನ್ನು ಇಂದಿಗೂ ಎತ್ತಿಟ್ಟಿದ್ದೇನೆ. ಮೇಲಿನ ಸಾಲಿನಲ್ಲಿ ಮಾ ಮೇ ಮೀ ಮೋ ಮೂ, ಕೆಳಗೆ ಪಾ ಪೇ ಪೀ ಪೋ ಪೂ, ಅದರ ಕೆಳಗೆ ಸಾ ಸೇ ಸೀ ಸೋ ಸೂ. ವಿಡಿಯೊ ಕರೆಯಲ್ಲಿ ಅದನ್ನು ಕಂಡ ಅವ್ವ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಕನ್ನಡಕ ಸರಿಮಾಡಿಕೊಂಡು "ಇದು ಕಾಗುಣಿತವಲ್ಲವೇ!" ಎಂದು ಕೂಗಿದಳು. ಹೌದು, ಕಾಗುಣಿತವೇ. ಸ್ಪ್ಯಾನಿಷ್‌ನಲ್ಲಿ ಐದೇ ಸ್ವರಗಳು. ಬರೆದಂತೆ ಓದುವ ಭಾಷೆ. ಇಂಗ್ಲಿಷಿನಂತೆ ಒಂದೇ ಅಕ್ಷರಕ್ಕೆ ನಾಲ್ಕು ಉಚ್ಚಾರ ಹುಡುಕುವ ಕಾಟವಿಲ್ಲ. ಅವರೂ ಓದು ಕಲಿಸುವುದು ಹೀಗೆ ಉಚ್ಚಾರದ ತುಣುಕುಗಳನ್ನು ಜೋಡಿಸಿಯೇ. ಮಗಳು ಕನ್ನಡದ ಕಾಗುಣಿತ ಕಲಿಯಲು ಎರಡು ವರ್ಷದಿಂದ ಸತಾಯಿಸುತ್ತಿದ್ದಳು. ಈ ಹಾಳೆಯ ಪಕ್ಕದಲ್ಲಿ ಅವ್ವ ಮ ಮಾ ಮಿ ಮೀ ಬರೆಸಿದಾಗ "ಓ, ಇದೂ ಅದೇ" ಎಂದು ಬರೆದು ಮುಗಿಸಿದಳು.

ಇಂತಹ ನಂಟುಗಳು ಮತ್ತೆ ಮತ್ತೆ ಸಿಕ್ಕವು, ಹೆಚ್ಚಿನವನ್ನು ಹುಡುಕಿದ್ದು ಅವಳೇ. ತಲೆನೋವು ಎಂದು ಹೇಳಲು ಸ್ಪ್ಯಾನಿಷ್‌ನವರು "ಮೆ ದುಎಲೆ ಲಾ ಕಾಬೇಸಾ" ಎನ್ನುತ್ತಾರೆ. ಪದಕ್ಕೆ ಪದ ಇಟ್ಟರೆ "ನನಗೆ ತಲೆ ನೋಯುತ್ತದೆ". ಇಷ್ಟ ಎನ್ನುವುದಕ್ಕೂ ಅಲ್ಲಿ 'ನನಗೆ' ಬೇಕು, ಇಂಗ್ಲಿಷಿನ 'ನಾನು' ನಡೆಯುವುದಿಲ್ಲ. ಕ್ರಿಯಾಪದದ ಕೊನೆ ನೋಡಿದರೆ ಕರ್ತೃ ಯಾರೆಂದು ತಿಳಿಯುತ್ತದೆ, ನಮ್ಮ 'ಬರುತ್ತೇನೆ, ಬರುತ್ತೀಯೆ' ಇದ್ದ ಹಾಗೆ. ನೀನು, ನೀವು ಎಂಬ ಭೇದವೂ ಉಂಟು. ಅದನ್ನು ಇಂಗ್ಲಿಷ್ ಮನೆಯ ಮಕ್ಕಳಿಗೆ ವಾರಗಟ್ಟಲೆ ಹೇಳಿಕೊಡಬೇಕಾಯಿತಂತೆ. ನನ್ನ ಮಗಳಿಗೆ ಒಂದು ಸಲವೂ ಹೇಳಬೇಕಾಗಲಿಲ್ಲ. ಪೆರೊ ಎಂದರೆ 'ಆದರೆ', ಅದೇ ರಕಾರವನ್ನು ನಾಲಿಗೆ ಕಂಪಿಸುವಂತೆ ಒತ್ತಿ ಹೇಳಿದರೆ ನಾಯಿ. ನಾವು ಹಳಗನ್ನಡದಲ್ಲೇ ಬಿಟ್ಟುಬಂದ ಱ ನನಗೆ ನೆನಪಾಯಿತು. ಇನ್ನು ಅವ್ವನ ಬಾಯಲ್ಲಿ ಸಂಬಳ ಎಂದಿಗೂ 'ಪಗಾರ'. ಹಣ ಕೊಡುವುದಕ್ಕೆ ಸ್ಪ್ಯಾನಿಷ್‌ನಲ್ಲಿ 'ಪಾಗಾರ್' ಎನ್ನುತ್ತಾರೆಂದು ಮೊಮ್ಮಗಳು ಹೇಳಿದಾಗ ಅವಳಿಗೆ ಎಲ್ಲಿಲ್ಲದ ಹಿಗ್ಗು. ಸ್ಪ್ಯಾನಿಷ್‌ನ ಅಕ್ಕತಂಗಿಯಾದ ಪೋರ್ಚುಗೀಸ್ ಗೋವೆಗೆ ಬಂದಿಳಿದು ನಮ್ಮ ಕಡೆಗೂ ದಾಟಿಸಿದ ಪದವದು. ಅಲಮಾರಿ, ಬಾಲ್ದಿ ಬಂದದ್ದೂ ಅದೇ ದಾರಿಯಲ್ಲಿ.

ತಲೆ ಕೆಡುವ ಭಯ ಹಳೆಯದು. 1962ರವರೆಗೂ ಎರಡು ಭಾಷೆಯ ಮಕ್ಕಳು ಮಂಕಾಗುತ್ತಾರೆಂದು ವಿದ್ವಾಂಸರೇ ಬರೆಯುತ್ತಿದ್ದರು. ಆ ವರ್ಷ ಕೆನಡಾದ ಮಾಂಟ್ರಿಯಲ್‌ನಲ್ಲಿ ಎಲಿಜಬೆತ್ ಪೀಲ್ ಮತ್ತು ವಾಲೇಸ್ ಲ್ಯಾಂಬರ್ಟ್ ಎಂಬ ಮನೋವಿಜ್ಞಾನಿಗಳು ಹತ್ತು ವರ್ಷದ ಮಕ್ಕಳನ್ನು ಪರೀಕ್ಷಿಸಿ, ಎರಡೂ ಭಾಷೆ ಚೆನ್ನಾಗಿ ಬಲ್ಲವರು ಹಿಂದೆ ಬೀಳುವುದಿರಲಿ, ಮುಂದಿದ್ದಾರೆ ಎಂದು ತೋರಿಸಿದರು. 1965ರಲ್ಲಿ ಅದೇ ಊರಿನ ಪಕ್ಕದ ಸೇಂಟ್ ಲ್ಯಾಂಬರ್ಟ್‌ನ ಇಂಗ್ಲಿಷ್ ಮನೆಮಾತಿನ ತಂದೆತಾಯಿಗಳು ಪಟ್ಟು ಹಿಡಿದು ಮಕ್ಕಳಿಗೆ ಫ್ರೆಂಚ್ ಇಮ್ಮರ್ಷನ್ ತರಗತಿ ತೆರೆಸಿದರು. ಅದನ್ನು ನೋಡಿ 1971ರಲ್ಲಿ ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಯಲ್ಲಿ ಸ್ಪ್ಯಾನಿಷ್ ಇಮ್ಮರ್ಷನ್ ಶುರುವಾಯಿತು. ಅದಕ್ಕೂ ಮುಂಚೆ, 1963ರಲ್ಲಿ, ಕ್ಯೂಬಾದ ಕ್ರಾಂತಿಯಿಂದ ಓಡಿಬಂದವರ ಮಕ್ಕಳನ್ನೂ ಸ್ಥಳೀಯ ಮಕ್ಕಳನ್ನೂ ಕೂರಿಸಿಕೊಂಡು ಎರಡು ಭಾಷೆಯಲ್ಲಿ ಪಾಠ ಆರಂಭಿಸಿದ್ದು ಮಿಯಾಮಿಯ ಕೋರಲ್ ವೇ ಶಾಲೆ.

ನಮ್ಮ ಪಕ್ಕದ ಪೋರ್ಟ್‌ಲೆಂಡಿನದೇ ಒಂದು ಅಧ್ಯಯನವಿದೆ, ನನ್ನಂತಹ ಪುಕ್ಕಲು ತಾಯಂದಿರಿಗೆ ಅದು ಅಭಯಹಸ್ತ. ಅಲ್ಲಿ ಇಮ್ಮರ್ಷನ್ ಸೀಟುಗಳನ್ನು ಲಾಟರಿ ಎತ್ತಿ ಕೊಡುತ್ತಾರೆ. ಹಾಗಾಗಿ ಸೀಟು ಸಿಕ್ಕವರನ್ನೂ ಬಯಸಿಯೂ ಸಿಗದವರನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. 'ಅವರು ಹುಟ್ಟಾ ಜಾಣರು' ಎಂಬ ನೆಪಕ್ಕೆ ಎಡೆಯಿಲ್ಲ. ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಹಾಗೆ ನೋಡಿದಾಗ ಇಮ್ಮರ್ಷನ್ ಮಕ್ಕಳು ಇಂಗ್ಲಿಷ್ ಓದಿನಲ್ಲೇ ಐದನೆಯ ತರಗತಿಗೆ ಸುಮಾರು ಏಳು ತಿಂಗಳು, ಎಂಟನೆಯದಕ್ಕೆ ಒಂಬತ್ತು ತಿಂಗಳು ಮುಂದಿದ್ದರು. ಗಣಿತ, ವಿಜ್ಞಾನದಲ್ಲಿ ಹೇಳುವಂತಹ ವ್ಯತ್ಯಾಸವಿರಲಿಲ್ಲ. ಆದರೆ ಮೊದಲೆರಡು ವರ್ಷ ಈ ಅಂಕಿಗಳು ಯಾವ ಸಮಾಧಾನವನ್ನೂ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಒಂದನೆಯ ತರಗತಿಯಲ್ಲಿ ಮಗಳು ಇಂಗ್ಲಿಷಿನ 'ಹೌಸ್' ಪದವನ್ನು ಜೆ ಅಕ್ಷರದಿಂದ ಶುರುಮಾಡಿದ್ದಳು, ಸ್ಪ್ಯಾನಿಷ್‌ನಲ್ಲಿ ಜೆ ಎಂದರೆ ಹಕಾರ. ಅವಳ ಓರಗೆಯವರು ಇಂಗ್ಲಿಷ್ ಕತೆಪುಸ್ತಕ ನುಂಗುತ್ತಿದ್ದರು. ನನ್ನ ಗಂಡ ರಾತ್ರಿ ಕೂತು ಬೇರೆ ಶಾಲೆಗಳ ಅರ್ಜಿ ನೋಡುತ್ತಿದ್ದರು. ಎರಡನೆಯ ತರಗತಿಯ ಕೊನೆಗೆ ಅದು ತಾನಾಗಿ ಸರಿಹೋಯಿತು, ಅರ್ಜಿ ಹಾಕುವ ಪ್ರಸಂಗ ಬರಲಿಲ್ಲ.

ಈಗ ಅವಳಿಗೆ ಎಂಟು ವರ್ಷ, ಮೂರನೆಯ ತರಗತಿ. ಸ್ಪ್ಯಾನಿಷ್ ಬರುತ್ತದೆಯೇ? ಕೇಳಿದ್ದೆಲ್ಲ ಅರ್ಥವಾಗುತ್ತದೆ, ಓದುತ್ತಾಳೆ, ಮಾತಾಡುತ್ತಾಳೆ. ಗಂಡು ಹೆಣ್ಣು ಲಿಂಗಗಳನ್ನು ಅದಲುಬದಲು ಮಾಡುತ್ತಾಳೆ. ಆಟದ ಮೈದಾನಕ್ಕೆ ಬಿಟ್ಟ ಕೂಡಲೇ ಎಲ್ಲ ಮಕ್ಕಳೂ, ಸ್ಪ್ಯಾನಿಷ್ ಮನೆಯವರೂ ಸೇರಿ, ಇಂಗ್ಲಿಷಿಗೆ ಹಾರುತ್ತಾರೆ. ಕೆನಡಾದ ಫ್ರೆಂಚ್ ತರಗತಿಗಳಲ್ಲೂ ಹೀಗೆಯೇ ಆಗಿತ್ತು: ವರ್ಷಗಟ್ಟಲೆ ಕೂತ ಮಕ್ಕಳ ಗ್ರಹಿಕೆ ಫ್ರೆಂಚ್ ಮನೆಮಾತಿನವರ ಸಮಕ್ಕೆ ಬಂದರೂ ಮಾತು ಆ ಮಟ್ಟಕ್ಕೆ ಬರಲಿಲ್ಲ. ಕೇಳಿದರೆ ಸಾಲದು, ಬಾಯಿಬಿಟ್ಟು ಬಳಸಬೇಕು ಎಂದು ಭಾಷಾ ಸಂಶೋಧಕಿ ಮೆರಿಲ್ ಸ್ವೇನ್ ವಾದ ಹೂಡಿದ್ದು ಅವರನ್ನು ನೋಡಿಯೇ.

ನನಗೆ ಕಸಿವಿಸಿಯಾಗುವ ಇನ್ನೊಂದು ಸಂಗತಿಯಿದೆ. ನನ್ನ ಮಗಳು ಅಂಗಡಿಯಲ್ಲಿ ನಾಲ್ಕು ಮಾತು ಸ್ಪ್ಯಾನಿಷ್ ಆಡಿದರೆ ಸುತ್ತಲಿನವರು ಮೆಚ್ಚಿ ತಲೆದೂಗುತ್ತಾರೆ. ಅವಳ ಗೆಳತಿ, ಮೆಕ್ಸಿಕೊ ಮೂಲದವಳು, ಎರಡೂ ಭಾಷೆಯನ್ನು ನೀರು ಕುಡಿದಂತೆ ಆಡುತ್ತಾಳೆ. ಅವಳ ವಿಷಯದಲ್ಲಿ ಎಲ್ಲರೂ ಕೇಳುವುದು ಇಂಗ್ಲಿಷ್ ಸರಿಯಾಗಿ ಬರುತ್ತದೆಯೇ ಎಂದು. ಆ ಹುಡುಗಿಯ ಅಜ್ಜಿಯ ಮನೆಮಾತು ಸ್ಪ್ಯಾನಿಷ್ ಕೂಡ ಅಲ್ಲ, ಮೆಕ್ಸಿಕೊದ ಮೂಲನಿವಾಸಿಗಳ ಮಿಶ್ಟೆಕೊ. ಅಜ್ಜಿಗೆ ಸ್ಪ್ಯಾನಿಷ್ ಎಂದರೆ ಶಾಲೆ, ಕಚೇರಿಗಳಲ್ಲಿ ಕಲಿತ ಭಾಷೆ. ಮೊಮ್ಮಗಳಿಗೆ ಮಿಶ್ಟೆಕೊ ಬರುವುದಿಲ್ಲ.

ನನಗೆ ಚುರುಕು ಮುಟ್ಟಿಸಿದವರು ಆ ಅಜ್ಜಿಯೇ. ಹೋದ ವರ್ಷ ಶಾಲೆಯ ಗೇಟಿನ ಬಳಿ ಅವರು ನನ್ನ ಮಗಳನ್ನು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದರು. "ಕನಾರೇಸ್" ಎಂದಳು. ಕನ್ನಡಕ್ಕೆ ಸ್ಪ್ಯಾನಿಷ್‌ನಲ್ಲಿ ಹಾಗೆನ್ನುತ್ತಾರೆ. ಅದನ್ನು ಎಲ್ಲಿ ಮಾತಾಡುತ್ತಾರೆ ಎಂದು ಅಜ್ಜಿ ಕೇಳಿದರು. ಕರ್ನಾಟಕ ಎನ್ನುತ್ತಾಳೆಂದು ನಾನು ಕಾದೆ. ಮಗಳು ಹೇಳಿದಳು: "ಎನ್ ಲಾ ಕೊಸೀನಾ." ಅಡುಗೆಮನೆಯಲ್ಲಿ.

ಅಜ್ಜಿ ನಕ್ಕರು, ನಾನೂ ನಕ್ಕೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಊಟ ಮಾಡು, ಕೈ ತೊಳೆ, ಬೇಗ ಬಾ, ಸಾಕು ಮಲಗು. ನಾನು ಅವಳೊಡನೆ ಆಡುವ ಕನ್ನಡ ಬಹುಪಾಲು ಇಷ್ಟೇ. ಡೈನೋಸಾರ್ ಬಗ್ಗೆ ಕೇಳಿದರೆ ನಾನೇ ಇಂಗ್ಲಿಷಿಗೆ ಜಾರುತ್ತೇನೆ. ವಾರಾಂತ್ಯದ ಕನ್ನಡ ತರಗತಿಗೆ ಕಳಿಸುತ್ತೇವೆ, ಒಂದೂವರೆ ಗಂಟೆ. ಅಲ್ಲಿ ಹಣ್ಣುಗಳ ಹೆಸರು, ಬಣ್ಣಗಳ ಹೆಸರು, ಒಂದು ಹಾಡು. ಸ್ಪ್ಯಾನಿಷ್‌ನಲ್ಲಿ ಅವಳು ಗೊತ್ತಿಲ್ಲದ್ದನ್ನು ತಿಳಿಯುತ್ತಿದ್ದಾಳೆ. ಕನ್ನಡದಲ್ಲಿ ನಾವು ಗೊತ್ತಿರುವ ಬಾಳೆಹಣ್ಣಿಗೆ ಇನ್ನೊಂದು ಹೆಸರು ಕಲಿಸುತ್ತಿದ್ದೇವೆ. ಯಾವ ಮಗು ಏಕೆ ಮನಸ್ಸು ಕೊಡಬೇಕು?

ಇಷ್ಟು ಹೇಳಿದರೆ ಊರಿನ ನೆಂಟರು ಇನ್ನೊಂದು ಪ್ರಶ್ನೆ ತೆಗೆಯುತ್ತಾರೆ: ನಮ್ಮೂರಿನ ಇಂಗ್ಲಿಷ್ ಮಾಧ್ಯಮವೂ ಇದೇ ತಾನೆ? ಅಲ್ಲ. ಮಾಂಟ್ರಿಯಲ್‌ನ ಆ ವಾಲೇಸ್ ಲ್ಯಾಂಬರ್ಟ್ ಅವರೇ ಕೂಡುವ ದ್ವಿಭಾಷೆ, ಕಳೆಯುವ ದ್ವಿಭಾಷೆ ಎಂದು ಭೇದ ಮಾಡಿದ್ದರು: ಒಂದರಲ್ಲಿ ಹೊಸ ಭಾಷೆ ಹಳೆಯದರ ಜೊತೆ ಸೇರುತ್ತದೆ, ಇನ್ನೊಂದರಲ್ಲಿ ಹಳೆಯದನ್ನು ತಳ್ಳಿಬಿಡುತ್ತದೆ. ಇಲ್ಲಿ ಇಂಗ್ಲಿಷ್ ಮನೆಯ ಮಗುವಿಗೆ ಇಂಗ್ಲಿಷ್ ಹೋಗುವ ಭಯವಿಲ್ಲ, ಊರೆಲ್ಲ ಅದೇ. ಶಿಕ್ಷಕಿಗೆ ಎರಡೂ ಭಾಷೆ ಬರುತ್ತದೆ, ಮಗು ಇಂಗ್ಲಿಷಿನಲ್ಲಿ ಅತ್ತರೂ ಅರ್ಥವಾಗುತ್ತದೆ, ಕೊನೆಗೆ ಎರಡರಲ್ಲೂ ಓದು ಬರಹ ಬರಲೇಬೇಕು. ಕನ್ನಡ ಆಡಿದರೆ ದಂಡ ಹಾಕಿ, ತನಗೇ ಸಲೀಸಾಗಿ ಬಾರದ ಇಂಗ್ಲಿಷಿನಲ್ಲಿ ಶಿಕ್ಷಕಿ ಉತ್ತರಗಳನ್ನು ಬಾಯಿಪಾಠ ಮಾಡಿಸುವುದು ನೆನೆ ಹಾಕಿದಂತಲ್ಲ, ಬೇಳೆಯನ್ನು ಹೊಳೆಗೆ ಎಸೆದಂತೆ.

ಗೇಟಿನ ಪ್ರಸಂಗವಾದ ಮೇಲೆ ನಾವು ಮಾಡಿದ್ದು ದೊಡ್ಡದೇನಲ್ಲ. ವಾರಕ್ಕೆ ಮೂರು ದಿನ ಅವ್ವ ವಿಡಿಯೊ ಕರೆಯಲ್ಲಿ ಮೊಮ್ಮಗಳಿಗೆ ಪಾಠ ಮಾಡುತ್ತಾಳೆ. ಕನ್ನಡ ಪಾಠವಲ್ಲ, ಕನ್ನಡದಲ್ಲಿ ಪಾಠ. ಮಗ್ಗಿ, ಭೂಪಟ, ಏನು ಬೇಕಾದರೂ. ಕಳೆದ ವಾರ ಶಾಲೆಯಲ್ಲಿ ನೀರಿನ ಚಕ್ರ ನಡೆಯುತ್ತಿತ್ತು. ಮಗಳಿಗೆ ಎವಾಪೊರಾಸಿಯೋನ್, ಕೊಂದೆನ್ಸಾಸಿಯೋನ್ ಎಲ್ಲ ಬಾಯಿಗೆ ಬಂದಿತ್ತು, ಅಜ್ಜಿಗೆ ಹೇಳಲು ಕನ್ನಡದ ಪದವಿರಲಿಲ್ಲ. ಅವ್ವ ಒಲೆಯ ಮೇಲಿದ್ದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ಕ್ಯಾಮೆರಾದ ಮುಂದೆ ಹಿಡಿದಳು. ಪರದೆ ಮಸುಕಾಯಿತು, ಮುಚ್ಚಳದ ಒಳಗಿನಿಂದ ಹನಿಗಳು ಒಂದೊಂದಾಗಿ ಇಳಿದವು. "ಮಸುಕು ಮಾಡಿದ್ದು ಆವಿ, ಇಳಿಯುತ್ತಿರುವುದು ಮಳೆ" ಎಂದಳು.

ಶುಕ್ರವಾರ ಮಗಳ ಚಿತ್ರ ಮನೆಗೆ ಬಂತು. ಸಮುದ್ರ, ಮೋಡ, ಬೆಟ್ಟ, ಎಲ್ಲ ಬಾಣದ ಗುರುತುಗಳಿಗೂ ಸ್ಪ್ಯಾನಿಷ್ ಹೆಸರು. ಒಂದು ಮೂಲೆಯಲ್ಲಿ ಇಡ್ಲಿ ಪಾತ್ರೆ, ಪಕ್ಕದಲ್ಲಿ ಸೊಟ್ಟ ಅಕ್ಷರದಲ್ಲಿ 'ಆವಿ'. ಅದರ ಕೆಳಗೆ ಶಿಕ್ಷಕಿ ಹಸಿರು ಶಾಯಿಯಲ್ಲಿ "ಇದೇನು?" ಎಂದು ಸ್ಪ್ಯಾನಿಷ್‌ನಲ್ಲಿ ಬರೆದಿದ್ದಾರೆ. ಬರೆದು ಉತ್ತರಿಸಲು ಆಗುವುದಿಲ್ಲ, ಸೋಮವಾರ ಮುಚ್ಚಳವನ್ನೇ ಶಾಲೆಗೆ ಒಯ್ಯುತ್ತೇನೆ ಎಂದು ಹಟ ಹಿಡಿದು ಕೂತಿದ್ದಾಳೆ.