ಜೋಡಿ ಓದು: ಮೂರು ಮುಗಿದವು, ನಾಲ್ಕನೆಯದು ಅರ್ಧಕ್ಕೆ ಬಂತು

ಒಂದು ಕಾದಂಬರಿ, ಅದರ ಬೆನ್ನಿಗೇ ಒಂದು ಆತ್ಮಕಥೆ ಅಥವಾ ನೆನಪಿನ ಪುಸ್ತಕ. ಹೀಗೆ ನಾಲ್ಕು ಜೋಡಿ, ಎಂಟು ಪುಸ್ತಕ. ಮೂರು ಜೋಡಿ ಮುಗಿದಿವೆ. ನಾಲ್ಕನೆಯದು ಕುವೆಂಪು ಅವರದು, ಸದ್ಯಕ್ಕೆ ಮುಗಿಯುವ ಲಕ್ಷಣವಿಲ್ಲ. ಕಥೆಯ ಕೊನೆ ಮೊದಲೇ ಗೊತ್ತಾಗಬಾರದು ಎನ್ನುವವರು ಮೊದಲೆರಡು ಜೋಡಿಗಳ ಭಾಗ ಬಿಟ್ಟು ಓದಬಹುದು.

ಎಲ್ಲ ಪುಸ್ತಕಕ್ಕೂ ಕೇಳುವ ಪ್ರಶ್ನೆ ಒಂದೇ: ಈ ದೃಶ್ಯವನ್ನು ಕಂಡವರು ಯಾರು? ಬರೆದವರೋ ನಿರೂಪಕರೋ ಕಣ್ಣಾರೆ ಕಂಡದ್ದಾದರೆ ಅಂಚಿನಲ್ಲಿ ಪೆನ್ಸಿಲಿನಿಂದ ‘ಕಂ’. ಬೇರೆಯವರ ಬಾಯಿಂದ ಬಂದದ್ದಾದರೆ ‘ಕೇ’. ಅಲ್ಲಿ ನೋಡಲು ಯಾರೂ ಇರಲಿಲ್ಲ, ಆದರೂ ದೃಶ್ಯ ಪುಟದ ಮೇಲಿದೆ ಎಂದಾದರೆ ‘ಕ’, ಅಂದರೆ ಕಟ್ಟಿದ್ದು. ಮೊದಲು ಪುಸ್ತಕಕ್ಕೆ 30 ದೃಶ್ಯ ಎಂದು ಇಟ್ಟುಕೊಂಡದ್ದು ತಪ್ಪಾಯಿತು. ಓದು ಹೋಗಿ ಲೆಕ್ಕಪತ್ರವಾಯಿತು. ಈಗ 12 ಮಾತ್ರ: ಆರಂಭ, ನಡು, ಕೊನೆಯಿಂದ ನಾಲ್ಕು ನಾಲ್ಕು. ಗುರುತು ಹಾಕುವುದು ಅಧ್ಯಾಯ ಮುಗಿದ ಮೇಲೆ. ನಡುವೆ ಪೆನ್ಸಿಲ್ ಎತ್ತಿದರೆ ವಾಕ್ಯದ ಲಯ ಅಲ್ಲೇ ತುಂಡಾಗುತ್ತದೆ. ಗ್ರಂಥಾಲಯದ ಪ್ರತಿಯಾದರೆ ಅಂಚಿನ ಬದಲು ಚೀಟಿ. ಪುಟಸಂಖ್ಯೆಯನ್ನೊಂದೇ ಬರೆದಿಟ್ಟುಕೊಂಡರೆ ಮುಂದಿನ ಮುದ್ರಣದಲ್ಲಿ ಅದು ಕೈಕೊಡುತ್ತದೆ, ಹಾಗಾಗಿ ಅಧ್ಯಾಯವನ್ನೂ ಮುದ್ರಣದ ವರ್ಷವನ್ನೂ ಜೊತೆಗೆ ಬರೆಯುವುದು.

ಕಾದಂಬರಿ ಮೊದಲು, ಆತ್ಮಕಥೆ ಆಮೇಲೆ, ಮುನ್ನುಡಿಗಳು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದರೆ ‘ಈ ಪಾತ್ರ ನಿಜಜೀವನದಲ್ಲಿ ಯಾರು’ ಎಂಬ ಪತ್ತೇದಾರಿಕೆ ಶುರುವಾಗಿ, ಪಾತ್ರ ಬರಿಯ ವೇಷವಾಗಿಬಿಡುತ್ತದೆ.

ಗೃಹಭಂಗ (1970), ಭಿತ್ತಿ (1996)

ಈ ಕ್ರಮಕ್ಕೆ ಬೆಲೆ ಇದೆ ಎಂದು ಗೊತ್ತಾದದ್ದು ಭೈರಪ್ಪನವರ ಈ ಜೋಡಿಯಿಂದ. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡ ಬಾಲ್ಯ ಎರಡರಲ್ಲೂ ಇದೆ. ಆದರೆ ಭಿತ್ತಿಯಲ್ಲಿ ನಡುವೆ ನಿಂತಿರುವವನು ‘ನಾನು’. ಗೃಹಭಂಗದಲ್ಲಿ ಆ ಜಾಗ ನಂಜಮ್ಮನದು, ಕಿರಿಯ ಮಗ ವಿಶ್ವ ಬಹುಪಾಲು ಅಂಚಿನಲ್ಲಿದ್ದಾನೆ. ಗಂಡ ಚೆನ್ನಿಗರಾಯನ ಕೈಲಾಗದ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಕೂತು ಬರೆಯುವ ದೃಶ್ಯಗಳನ್ನೇ ತೆಗೆದುಕೊಳ್ಳಿ. ಅವಳ ಮನಸ್ಸಿನಲ್ಲಿ ಓಡುವುದನ್ನು ಕಾಣಲು ಅಲ್ಲಿ ಯಾರಿದ್ದರು? ಗುರುತು ‘ಕ’. ಕಾದಂಬರಿಯ ಅತ್ಯುತ್ತಮ ಭಾಗಗಳು ಈ ‘ಕ’ಗಳೇ. ಮಗುವೊಂದು ಕಂಡಿರಲಾರದ ಕೋಣೆಗೆ ಕಾದಂಬರಿಕಾರ ಹೋಗಿ ಬಂದಿದ್ದಾರೆ. ಆತ್ಮಕಥೆಗೆ ಆ ಪರವಾನಗಿ ಇಲ್ಲ.

ಇನ್ನೊಂದು ಲಾಭ ನಗು. ಅತ್ತೆ ಗಂಗಮ್ಮನ ಬೈಗುಳ, ಚೆನ್ನಿಗರಾಯನ ಹೊಟ್ಟೆಬಾಕತನ ಓದುವಾಗ ನಗು ಬರುತ್ತದೆ, ಮರುಗಳಿಗೆಗೆ ಹಾಗೆ ನಕ್ಕದ್ದಕ್ಕೆ ನಾಚಿಕೆಯೂ ಆಗುತ್ತದೆ. ನಂಜಮ್ಮನ ಮಕ್ಕಳಾದ ಪಾರ್ವತಿ, ರಾಮಣ್ಣ ಪ್ಲೇಗಿಗೆ ಬಲಿಯಾಗುವ ಭಾಗದಲ್ಲಿ ವಿಶೇಷಣಗಳು ತೀರ ಕಡಿಮೆ. ಕೆಲಸ, ಹೊತ್ತು, ಯಾರು ಬಂದರು, ಯಾರು ಬರಲಿಲ್ಲ, ಅಷ್ಟೇ. ಕೊನೆಗೆ ಜಂಗಮ ಮಹಾದೇವಯ್ಯನವರು ವಿಶ್ವನನ್ನು ಕರೆದುಕೊಂಡು ಹೊರಡುವುದೂ ಅಷ್ಟೇ ಒಣ ಧಾಟಿಯಲ್ಲಿದೆ. ಅದೇ ಸರಿ.

ಭಿತ್ತಿ ಎಂದರೆ ಗೋಡೆ, ಚಿತ್ರ ಬಿಡಿಸುವ ಹಿನ್ನೆಲೆ. ಹೆಸರಿಗೆ ತಕ್ಕಂತೆ ಬಾಲ್ಯ ಮತ್ತು ಅಲೆದಾಟದ ಪುಟಗಳು ಗಟ್ಟಿ. ವಿವಾದಗಳಿಗೆ ಉತ್ತರ ಕೊಡಲು ಹೊರಟ ಪುಟಗಳು ಮಾತ್ರ ಎಳೆಯುತ್ತವೆ. ಅಲ್ಲಿ ಸಾಕ್ಷಿಯೂ ವಕೀಲರೂ ನ್ಯಾಯಾಧೀಶರೂ ಒಬ್ಬರೇ. ಓದುಗನಿಗೆ ಉಳಿಯುವುದು ತಲೆಯಾಡಿಸುವ ಕೆಲಸ.

ಅಭಿಪ್ರಾಯ ಬರೆಯುವ ಬಗ್ಗೆಯೂ ಇಲ್ಲೇ ಹೇಳಬೇಕು. ಪುಸ್ತಕ ಮುಚ್ಚಿದ ದಿನವೇ 150 ಪದ. ಏಳು ದಿನ ಬಿಟ್ಟು, ಮೊದಲಿನದನ್ನು ನೋಡದೆ ಮತ್ತೆ 150 ಪದ. ಎರಡರಲ್ಲೂ ಉಳಿದ ಮಾತು ಅಭಿಪ್ರಾಯ, ಮೊದಲನೆಯದರಲ್ಲಿ ಮಾತ್ರ ಇರುವುದು ಕೊನೆಯ ಅಧ್ಯಾಯದ ಅಮಲು. ‘ಮನಮುಟ್ಟುವ’, ‘ಓದಲೇಬೇಕಾದ’, ‘ಕಣ್ಣಿಗೆ ಕಟ್ಟುವಂಥ’ ಈ ಮೂರಕ್ಕೂ ನಿಷೇಧ. ಇವುಗಳಲ್ಲಿ ಒಂದು ಕೈಗೆ ಬಂದರೆ, ಅಲ್ಲಿ ಹೇಳಬೇಕಾದ್ದು ಇನ್ನೂ ಹೊಳೆದಿಲ್ಲ ಎಂದರ್ಥ. ಐದಕ್ಕೆ ಇಷ್ಟು ಅಂಕ ಎಂಬ ಪದ್ಧತಿಯನ್ನೂ ಬಿಟ್ಟದ್ದಾಯಿತು. ಗೃಹಭಂಗಕ್ಕೂ ಕರ್ವಾಲೊಗೂ ಒಂದೇ ತಕ್ಕಡಿ ಹಿಡಿಯುವುದು ಹೇಗೆ?

ಕರ್ವಾಲೊ (1980), ಅಣ್ಣನ ನೆನಪು (1996)

ತೇಜಸ್ವಿ ಇಲ್ಲಿ ಗುರುತುಗಳನ್ನೇ ತಲೆಕೆಳಗು ಮಾಡುತ್ತಾರೆ. ಕರ್ವಾಲೊ ಕಾದಂಬರಿ, ಆದರೆ ಆರಿಸಿದ ದೃಶ್ಯಗಳಲ್ಲಿ ಬಹುಪಾಲು ‘ಕಂ’. ಕೃಷಿಕ ನಿರೂಪಕ, ಅವನ ನಾಯಿ ಕಿವಿ, ಜೊತೆಗೆ ಹಳ್ಳಿಗ ಮಂದಣ್ಣ. ನಿರೂಪಕ ಇಲ್ಲದ ಕಡೆ ಕಥೆ ಹೆಚ್ಚು ಹೊತ್ತು ನಿಲ್ಲುವುದೇ ಇಲ್ಲ. ಆದ್ದರಿಂದ ‘ನಾನು’ ಎಂದ ಕಡೆಯೆಲ್ಲ ತೇಜಸ್ವಿ ಎಂದು ಓದಿಕೊಳ್ಳುವ ಚಪಲ. ಹಾಗೆ ಓದಿದರೆ ನಷ್ಟ. ಈ ನಿರೂಪಕ ಬರೆದವರಿಗಿಂತ ಪೆದ್ದ, ಬೇಕೆಂದೇ ಹಾಗೆ ಮಾಡಿದ್ದು. ಅವನಿಗೆ ಅರ್ಥವಾಗದ ಮಂದಣ್ಣನನ್ನು ವಿಜ್ಞಾನಿ ಕರ್ವಾಲೊ ಗುರುತಿಸುತ್ತಾರೆ ಎಂಬುದರ ಮೇಲೆಯೇ ಇಡೀ ಕಥೆ ನಿಂತಿದೆ. ಇವರೆಲ್ಲ ಹುಡುಕಿ ಹೊರಟ ಹಾರುವ ಓತಿ ಕೊನೆಗೆ ಕೈಗೆ ಸಿಗದೆ ಹೋಗುವಾಗ ಬೇಸರವಾಗುವುದಿಲ್ಲ, ಹಗುರವಾಗುತ್ತದೆ. ಹಾಗೇಕೆ ಎಂಬುದಕ್ಕೆ ಎರಡು ಟಿಪ್ಪಣಿಯಲ್ಲೂ ಉತ್ತರ ಸಿಕ್ಕಿಲ್ಲ.

ಅಣ್ಣನ ನೆನಪು ನೆನಪಿನ ಪುಸ್ತಕವಾದರೂ ಹೇಳುವವರು ಪಕ್ಕಕ್ಕೆ ಸರಿದು ನಿಂತು, ಅಣ್ಣ ಅಂದರೆ ತಂದೆ ಕುವೆಂಪು ಅವರಿಗೆ ಜಾಗ ಬಿಡುತ್ತಾರೆ. ಮಹಾಕವಿಯ ಪಟಕ್ಕೆ ಹಾರ ಹಾಕುವ ಪುಸ್ತಕವಲ್ಲ, ಅದೇ ಅದರ ಸೊಗಸು. ತೊಡಕು ಕಾಲಕ್ರಮದ್ದು: ಪ್ರಸಂಗಗಳು ಹಿಂದುಮುಂದಾಗಿ ಬರುತ್ತವೆ. ಒಂದು ಹಾಳೆಯಲ್ಲಿ ನಾಲ್ಕು ಗೂಟ ನೆಟ್ಟುಕೊಂಡರೆ ಸಾಕು. ಕುವೆಂಪು ಜನನ 1904, ತೇಜಸ್ವಿ ಜನನ 1938, ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದದ್ದು 1956ರಿಂದ 60, ನಿಧನ 1994. ಪ್ರತಿ ಪ್ರಸಂಗ ಯಾವ ಎರಡು ಗೂಟದ ನಡುವೆ ಬರುತ್ತದೆ ಎಂದು ನೋಡಿದರೆ ಮಗನಿಗೆ ಆಗ ಎಷ್ಟು ವಯಸ್ಸು ಎಂಬುದು ಸಿಗುತ್ತದೆ. ವಯಸ್ಸು ಸಿಕ್ಕರೆ ‘ಕಂ’ ಯಾವುದು, ಮನೆಮಂದಿ ಹೇಳಿಹೇಳಿ ನೆನಪಾದ ‘ಕೇ’ ಯಾವುದು ಎಂಬ ಅಂದಾಜೂ ಸಿಗುತ್ತದೆ.

ಕುಸುಮಬಾಲೆ (1984), ಊರುಕೇರಿ

ಲೇಖಕರು ಬೇರೆಬೇರೆ: ದೇವನೂರ ಮಹಾದೇವ, ಸಿದ್ಧಲಿಂಗಯ್ಯ. ಕುಸುಮಬಾಲೆ ತೆಳ್ಳಗಿನ ಪುಸ್ತಕ, ಒಂದೇ ಸಂಜೆಗೆ ಮುಗಿಸಬಹುದೆಂದು ಕೂತರೆ ನಾಲ್ಕನೇ ಪುಟಕ್ಕೆ ದಾರಿ ತಪ್ಪುತ್ತದೆ. ನಂಜನಗೂಡು ಸೀಮೆಯ ಆಡುಮಾತು ಕಣ್ಣಿಗೆ ತೊಡಕು, ಕಿವಿಗೆ ಸಲೀಸು. ಗಟ್ಟಿಯಾಗಿ ಓದಬೇಕು, ದಿನಕ್ಕೆ ಐದಾರು ಪುಟ, ಮರುದಿನ ಹಿಂದಿನ ಒಂದು ಪುಟದಿಂದ ಶುರು. ಇಲ್ಲಿ ಗುರುತಿನ ಪದ್ಧತಿ ಸೋತಿತು. ಮನೆಮನೆಯೊಳಗೆ ನಡೆದದ್ದನ್ನು ರಾತ್ರಿ ಒಂದೆಡೆ ಸೇರಿ ಮಾತಾಡಿಕೊಳ್ಳುವವು ಜೋತಮ್ಮಗಳು, ದೀಪಗಳು! ಮನುಷ್ಯರು ಬಾಯಿಬಿಡದ ಊರಲ್ಲಿ ದೀಪವೇ ಸಾಕ್ಷಿ. ಅದಕ್ಕೆ ‘ಕಂ’ ಹಾಕಬೇಕೋ ‘ಕ’ ಹಾಕಬೇಕೋ? ಎರಡನ್ನೂ ಹಾಕಿ ಮುಂದೆ ಹೋದದ್ದು.

ಊರುಕೇರಿಯಲ್ಲಿ ತೊಡಕೇ ಇಲ್ಲ, ಅಲ್ಲಿರುವುದು ಬೇರೆ ಬಗೆಯ ಜಾಣ್ಮೆ. ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಉಳುತ್ತಿರುವುದನ್ನು ಒಂದು ಮಗು ನೋಡುತ್ತದೆ, ಆ ಹೆಗಲಲ್ಲಿ ಒಂದು ಅಪ್ಪನದು. ಬರೆದವರಿಗೆ ಅದರ ಅರ್ಥ ಚೆನ್ನಾಗಿ ಗೊತ್ತು, ಮಗುವಿಗೆ ಪೂರ್ತಿ ಗೊತ್ತಿಲ್ಲ. ದೊಡ್ಡವರ ಸಿಟ್ಟನ್ನು ಮಗುವಿನ ಬಾಯಿಗೆ ತುರುಕುವುದು ನೆನಪಿನ ಬರವಣಿಗೆಯಲ್ಲಿ ಪದೇಪದೇ ಆಗುವ ತಪ್ಪು. ಇಲ್ಲಿ ಆ ತಪ್ಪಿಲ್ಲ. ಮುಂದೆ ಬರುವ ತಮಾಷೆಯ ಪ್ರಸಂಗಗಳಿಗೂ ಈ ನೊಗದ ನೆರಳು ಬೀಳುತ್ತದೆ. ಬೇಕೆಂದರೆ ಈ ದೃಶ್ಯ ಬಿಟ್ಟು ಉಳಿದದ್ದನ್ನು ಓದಿ ನೋಡಿ, ನಗು ತೆಳ್ಳಗಾಗುತ್ತದೆ.

ಮಲೆಗಳಲ್ಲಿ ಮದುಮಗಳು (1967), ನೆನಪಿನ ದೋಣಿಯಲ್ಲಿ (1980)

ಕಾದಂಬರಿ ಅರ್ಧ ದಾಟಿದೆ. ಪಾತ್ರಗಳ ಪಟ್ಟಿಯನ್ನು ಹೆಸರಿನ ಅಕಾರಾದಿಯಲ್ಲಿ ಮಾಡಿದ್ದು ಉಪಯೋಗಕ್ಕೆ ಬರಲಿಲ್ಲ. ಈ ಕಾದಂಬರಿಯಲ್ಲಿ ಜನ ನೆನಪಾಗುವುದು ಮನೆಯಿಂದ. ಈಗ ಮನೆಗೊಂದು ಕಾರ್ಡು: ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು, ಹಳೆಮನೆ. ಯಾರು ಯಾರ ಹಟ್ಟಿಯ ಆಳು, ಯಾರ ಮಗಳನ್ನು ಎಲ್ಲಿಗೆ ಕೇಳಿದ್ದಾರೆ ಎಂಬುದು ಕಾರ್ಡಿನ ಹಿಂಬದಿಗೆ. ನಾಯಿ ಹುಲಿಯನಿಗೆ ಬೇರೆ ಕಾರ್ಡು ಬೇಡ, ಅದರ ಒಡೆಯ ಗುತ್ತಿಯ ಸಾಲಿನಲ್ಲೇ ಸಾಕು. ಅವರಿಬ್ಬರನ್ನು ಬಿಡಿಸಿ ಬರೆದರೆ ಕಥೆಯೇ ಕೆಡುತ್ತದೆ. ದಿನಕ್ಕೆ 20 ಪುಟದಾಚೆ ಹೋದರೆ ಕಾಡಿನ ವರ್ಣನೆ ಹಾರಿಸುವ ಚಟ ಹತ್ತುತ್ತದೆ, ಹಾರಿಸಿದ ಕಡೆಯೇ ದಾರಿಯ ಗುರುತು ಇರುತ್ತದೆ.

ನೆನಪಿನ ದೋಣಿಯಲ್ಲಿ ಇನ್ನೂ ತೆರೆದಿಲ್ಲ, ಪುಟ ತಿರುವಿ ನೋಡಿದ್ದಷ್ಟೆ. ಅದರಲ್ಲಿ ಹಳೆಯ ದಿನಚರಿಯ ಭಾಗಗಳೂ ಸೇರಿವೆ. ವಯಸ್ಸಾದ ಕವಿ ನೆನೆದು ಬರೆದದ್ದರ ಪಕ್ಕದಲ್ಲೇ ಅಂದಿನ ಹುಡುಗ ಅಂದೇ ಬರೆದಿಟ್ಟದ್ದು. ಎರಡನ್ನೂ ‘ಕಂ’ ಎಂದರೆ ಆಗದು. ನಾಲ್ಕನೆಯ ಗುರುತು ‘ದಿ’ ಸೇರಿಸಿ, 12 ದೃಶ್ಯಗಳಲ್ಲಿ ಕನಿಷ್ಠ ಮೂರನ್ನು ದಿನಚರಿಯಿಂದಲೇ ಆರಿಸುವುದು ಎಂದು ಸದ್ಯದ ತೀರ್ಮಾನ.